ಪಿಜಿಎ ಚಾಂಪಿಯನ್‌ಶಿಪ್: ಲಾಹಿರಿಯ 275 ಹೊಡೆತ

ಪುರುಷರ ಗಾಲ್ಫ್‌ನಲ್ಲಿ ಮೇಜರ್ ಟೂರ್ನಿಗಳು ನಾಲ್ಕೇ: ಮಾಸ್ಟರ್ಸ್, ಪಿಜಿಎ ಚಾಂಪಿಯನ್‌ಶಿಪ್, ಯುಎಸ್ ಓಪನ್, ದಿ ಓಪನ್. ಪಿಜಿಎ ಶುರುವಾದದ್ದು 1916ರಲ್ಲಿ. ಗೆದ್ದವರಿಗೆ ವಾನಮೇಕರ್ ಟ್ರೋಫಿ. 1958ರಿಂದ ಸ್ಟ್ರೋಕ್ ಪ್ಲೇ, ಅಂದರೆ ಒಟ್ಟು ಹೊಡೆತಗಳ ಲೆಕ್ಕ. 2019ರಿಂದ, 2020 ಒಂದನ್ನು ಬಿಟ್ಟು, ಆಗಸ್ಟ್ ಬದಲು ಮೇ ತಿಂಗಳಲ್ಲಿ ನಡೆಯುತ್ತಿದೆ. ಹಳೆಯ ಗೈಡ್ ಓದುವವರು ಇದನ್ನು ತಿದ್ದಿಕೊಳ್ಳಿ.

ಭಾರತೀಯರಾದ ನಮಗೆ ಮುಖ್ಯವಾದದ್ದು 2015ರ ಟೂರ್ನಿ. ಅಮೆರಿಕದ ವಿಸ್ಲಿಂಗ್ ಸ್ಟ್ರೇಟ್ಸ್ ಅಂಗಳದಲ್ಲಿ ಆಸ್ಟ್ರೇಲಿಯಾದ ಜೇಸನ್ ಡೇ 20 ಅಂಡರ್ ಪಾರ್‌ನೊಂದಿಗೆ ಗೆದ್ದರು. ಬೆಂಗಳೂರಿನ ಅನಿರ್ಬನ್ ಲಾಹಿರಿ 13 ಅಂಡರ್, ಜಂಟಿ 5ನೇ ಸ್ಥಾನ. ನಮ್ಮ ಶಕ್ತಿನಗರದಂಥ ಊರಲ್ಲಿ ಕೂತು ಓದುವವರಿಗೆ ಆಟ ನೋಡಿ ಲೆಕ್ಕ ಕಲಿಯುವ ಅವಕಾಶ ಕಡಿಮೆ, ಬಿಡಿಸಿ ಹೇಳುತ್ತೇನೆ: ಒಂದು ಸುತ್ತಿಗೆ 18 ಕುಳಿ, ಈ ಅಂಗಳದಲ್ಲಿ ಪಾರ್ (ನಿಗದಿತ ಹೊಡೆತ) 72, ನಾಲ್ಕು ಸುತ್ತಿಗೆ 288. ಅದರಲ್ಲಿ 13 ಕಳೆದರೆ 275. ಕಡಿಮೆ ಹೊಡೆದವನೇ ಮುಂದೆ. ಇದೇ ಟೂರ್ನಿಯಲ್ಲಿ 2008ರಲ್ಲಿ ಭಾರತದವರೇ ಆದ ಜೀವ್ ಮಿಲ್ಖಾ ಸಿಂಗ್ ಜಂಟಿ 9ನೆಯವರಾಗಿದ್ದರು.

ಬೆಂಗಳೂರಿನವರು ಎನಿಸಿದರೂ ಲಾಹಿರಿ ಹುಟ್ಟಿದ್ದು ಪುಣೆಯಲ್ಲಿ. ಬೆಂಗಳೂರಿನಲ್ಲೇ ಹುಟ್ಟಿದವರು ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದಿತಿ 15 ಅಂಡರ್‌ನೊಂದಿಗೆ 4ನೇ ಸ್ಥಾನ. ಕಂಚು ಗೆದ್ದ ಲಿಡಿಯಾ ಕೊ 16 ಅಂಡರ್. ಪುರುಷರಿಗೆ ನಾಲ್ಕಾದರೆ, ಮಹಿಳೆಯರ ಮೇಜರ್‌ಗಳು ಐದು.