ಉಯಿಲಿನ ಗುಟ್ಟು, ವಕೀಲರ ಸ್ಟೇಟಸ್ಸು

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಉಯಿಲುಗಳಿಗೆ ಪ್ರತ್ಯೇಕ ಪುಸ್ತಕವೊಂದಿದೆ. ಕಾಯ್ದೆಯ ಭಾಷೆಯಲ್ಲಿ ಅದು ಮೂರನೇ ಪುಸ್ತಕ. ಕ್ರಯಪತ್ರ, ದಾನಪತ್ರಗಳು ದಾಖಲಾಗುವ ಒಂದನೇ ಪುಸ್ತಕದ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಮೂರನೆಯದಕ್ಕೆ ಹಾಗಿಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ನಿನಂತೆ, ಉಯಿಲು ಬರೆದವರು ಬದುಕಿರುವವರೆಗೆ ಅದರ ನಕಲು ಸಿಗುವುದು ಅವರಿಗೆ ಅಥವಾ ಅವರ ಏಜೆಂಟರಿಗೆ ಮಾತ್ರ. ಹೆತ್ತ ಮಗನೇ ಬಂದು ಕೇಳಿದರೂ ಕೊಡುವಂತಿಲ್ಲ. ಅಷ್ಟೂ ಸಾಲದೆನಿಸಿದರೆ 42ನೇ ಸೆಕ್ಷನ್ ಇದೆ: ಉಯಿಲನ್ನು ಲಕೋಟೆಯಲ್ಲಿಟ್ಟು, ಮೊಹರು ಹಾಕಿ, ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಮನೆಯೊಳಗಿನ ಒತ್ತಡಕ್ಕೆ ಅಂಜದೆ ಹಿರಿಯರು ತಮ್ಮ ಇಚ್ಛೆ ಬರೆದಿಡಲಿ ಎಂಬುದೇ ಈ ಏರ್ಪಾಟಿನ ಉದ್ದೇಶ.

ಇಷ್ಟು ಜತನದ ಗುಟ್ಟನ್ನು ಒಂದು ಫೋಟೊ ಹಾಳುಮಾಡಬಲ್ಲದು. ಕಚೇರಿಯ ಅಂಗಳದಲ್ಲಿ ಗಾಲಿಕುರ್ಚಿ, ಅದರಲ್ಲಿ ವಯಸ್ಸಾದ ತಾಯಿ, ಮಡಿಲಲ್ಲಿ ಕಾಗದ, ಪಕ್ಕದಲ್ಲಿ ಕಪ್ಪು ಕೋಟು ತೊಟ್ಟು ನಗುವ ವಕೀಲರು. ಕೆಳಗೊಂದು ಸಾಲು: ‘ಎಪ್ಪತ್ತೆಂಟರ ಅಮ್ಮನಿಗೆ ಇಂದು ನೆಮ್ಮದಿ ಕೊಡಿಸಿದ ತೃಪ್ತಿ.’ ಇಂಥದೊಂದು ಸ್ಟೇಟಸ್ಸನ್ನು ಊಹಿಸಿಕೊಳ್ಳಲು ಕಷ್ಟಪಡಬೇಕಿಲ್ಲ. ಹೆಸರಿಲ್ಲ, ಮುಖಕ್ಕೆ ಮಬ್ಬು ಬಳಿದಿರಲೂಬಹುದು. ಆದರೆ ತಾಲ್ಲೂಕಿನ ಊರೊಂದರಲ್ಲಿ ಆ ಸೀರೆ, ಆ ಕುರ್ಚಿ, ಆ ತಾರೀಖು ಸಾಕು. ಸಂಜೆಯೊಳಗೆ ಮಗನ ಫೋನಿಗೆ ಚಿತ್ರ ಬಂದಿರುತ್ತದೆ.

ಹಿರಿಯರ ಪ್ರಕರಣಗಳ ಸೂಕ್ಷ್ಮವೇ ಇದು. ಉಳಿದ ಮೊಕದ್ದಮೆಗಳಲ್ಲಿ ಎದುರುಗಾರ ಬೇರೆ ಮನೆಯಲ್ಲಿರುತ್ತಾನೆ, ಕೋರ್ಟಿನಲ್ಲಷ್ಟೇ ಎದುರಾಗುತ್ತಾನೆ. ಜೀವನಾಂಶ, ದಾನಪತ್ರ ರದ್ದತಿ, ಉಯಿಲಿನ ಬದಲಾವಣೆಯಂಥ ವಿಷಯಗಳಲ್ಲಿ ಎದುರುಗಾರರು ಅನೇಕ ಸಲ ಅದೇ ಮನೆಯಲ್ಲಿ ಕಾಫಿ ಕೊಡುವವರು, ಮಾತ್ರೆ ತಂದುಕೊಡುವವರು, ಬ್ಯಾಂಕಿನ ಓಟಿಪಿ ಓದಿ ಹೇಳುವವರು. ವಕೀಲರ ಪೋಸ್ಟಿಗೆ ಬಿದ್ದ ಲೈಕುಗಳ ಬೆಲೆಯನ್ನು ಆ ಹಿರಿಯರು ರಾತ್ರಿ ಊಟದ ಹೊತ್ತಿಗೆ ತೆರಬೇಕಾಗುತ್ತದೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್, ಹಳೆಯ ಸಾಕ್ಷ್ಯ ಕಾಯ್ದೆಯ 126ನೇ ಸೆಕ್ಷನ್ನಿನ ಮುಂದುವರಿಕೆ. ಕಕ್ಷಿದಾರರು ವೃತ್ತಿ ಸಂಬಂಧದಲ್ಲಿ ಹೇಳಿಕೊಂಡದ್ದು, ತೋರಿಸಿದ ದಾಖಲೆಯಲ್ಲಿದ್ದದ್ದು, ವಕೀಲರು ಕೊಟ್ಟ ಸಲಹೆ, ಇವು ಯಾವುದನ್ನೂ ಕಕ್ಷಿದಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ಹೊರಗೆಡಹುವಂತಿಲ್ಲ. ಅಪರಾಧ ಎಸಗಲು ಸಲಹೆ ಕೇಳಿದಂಥ ಕೆಲವೇ ಸಂದರ್ಭಗಳು ಇದಕ್ಕೆ ಹೊರತು. ಕೇಸು ಮುಗಿದರೂ, ವಕೀಲರನ್ನು ಬದಲಿಸಿದರೂ ಈ ಬಾಧ್ಯತೆ ಮುಗಿಯುವುದಿಲ್ಲ. ಅದು ಗುಮಾಸ್ತರಿಗೂ ಕಚೇರಿಯ ಸಿಬ್ಬಂದಿಗೂ ಅನ್ವಯಿಸುತ್ತದೆ. ಹಾಗಾಗಿ ‘ಪೋಸ್ಟ್ ಹಾಕಿದ್ದು ನಮ್ಮ ಆಫೀಸಿನ ಹುಡುಗ’ ಎಂಬ ಸಬೂಬಿಗೆ ಇಲ್ಲಿ ಜಾಗವಿಲ್ಲ. ಭಾರತೀಯ ವಕೀಲರ ಪರಿಷತ್ತಿನ ವೃತ್ತಿ ನಡತೆಯ 17ನೇ ನಿಯಮ ಇದೇ ಬಾಧ್ಯತೆಯನ್ನು ಹೇಳಿದರೆ, 24ನೇ ನಿಯಮ ಕಕ್ಷಿದಾರರು ಇಟ್ಟ ನಂಬಿಕೆಯ ದುರುಪಯೋಗವನ್ನು ನಿಷೇಧಿಸುತ್ತದೆ.

ಹೆಸರು ಬಿಟ್ಟು ಬರೆದರೆ ಸಾಕಲ್ಲವೇ? ಅಮೆರಿಕದಲ್ಲಿ ಈ ಪ್ರಶ್ನೆ ಮೊದಲೇ ಎದ್ದಿತ್ತು. ಅಮೆರಿಕನ್ ಬಾರ್ ಅಸೋಸಿಯೇಷನ್ 2018ರಲ್ಲಿ ಹೊರಡಿಸಿದ 480ನೇ ಔಪಚಾರಿಕ ಅಭಿಪ್ರಾಯದ ಪ್ರಕಾರ, ನ್ಯಾಯಾಲಯದ ಕಡತದಲ್ಲಿ ಎಲ್ಲರಿಗೂ ಸಿಗುವ ಮಾಹಿತಿಯಾದರೂ ವಕೀಲರು ಅದನ್ನು ಕಕ್ಷಿದಾರರ ಒಪ್ಪಿಗೆಯಿಲ್ಲದೆ ಅಂತರ್ಜಾಲದಲ್ಲಿ ಬರೆಯಬಾರದು. ‘ಹೀಗೊಂದು ಕೇಸು ಎಂದುಕೊಳ್ಳಿ’ ಎಂದು ಮರೆಮಾಚಿದರೂ, ಓದಿದವರು ವ್ಯಕ್ತಿಯನ್ನು ಗುರುತಿಸುವ ಸಂಭವವಿದ್ದರೆ ತಪ್ಪು ತಪ್ಪೇ. ಅದಕ್ಕೂ ಮುಂಚೆ, 2010ರಲ್ಲಿ, ಇಲಿನಾಯ್ ರಾಜ್ಯದಲ್ಲಿ ಆರೋಪಿಗಳ ಪರ ವಾದಿಸುವ ಸರ್ಕಾರಿ ವಕೀಲೆಯೊಬ್ಬರು ತಮ್ಮ ಕಕ್ಷಿದಾರರನ್ನು ಮೊದಲ ಹೆಸರಿನಿಂದಲೋ ಜೈಲಿನ ಸಂಖ್ಯೆಯಿಂದಲೋ ಸೂಚಿಸಿ ಅಂತರ್ಜಾಲದಲ್ಲಿ ಬರೆದದ್ದಕ್ಕೆ 60 ದಿನ ಅಮಾನತಾಗಿದ್ದರು. ಆ ನಿಯಮಗಳು ನಮ್ಮಲ್ಲಿ ಜಾರಿಯಲ್ಲಿಲ್ಲ. ಆದರೆ ಗುರುತು ಸಿಗುವುದಕ್ಕೆ ಹೆಸರೇ ಬೇಕೆಂದಿಲ್ಲ ಎಂಬುದು ನಮ್ಮ ಊರುಗಳಿಗೆ ಇನ್ನೂ ಹೆಚ್ಚು ಒಪ್ಪುವ ಮಾತು.

ಇನ್ನು ಒಪ್ಪಿಗೆಯ ವಿಷಯ. ‘ಒಂದು ಫೋಟೊ ತೆಗೀಲಾ ಅಮ್ಮ?’ ಎಂದು ವಕೀಲರು ಕೇಳಿದಾಗ ಬೇಡ ಎನ್ನುವ ಧೈರ್ಯ ಎಷ್ಟು ಜನರಿಗಿದೆ? ಕೇಸು ಅವರ ಕೈಯಲ್ಲಿದೆ, ಅಸಲು ಕಾಗದಗಳೆಲ್ಲ ಅವರ ಬೀರುವಿನಲ್ಲಿವೆ. 1872ರ ಕರಾರು ಕಾಯ್ದೆಯ 16ನೇ ಸೆಕ್ಷನ್, ವಯಸ್ಸು ಅಥವಾ ಕಾಯಿಲೆಯಿಂದ ಮನಸ್ಸಿನ ಶಕ್ತಿ ಕುಗ್ಗಿದವರ ಮೇಲೆ, ಹಾಗೆಯೇ ನಂಬಿಕೆಯ ಸಂಬಂಧದಲ್ಲಿರುವವರ ಮೇಲೆ, ಅನುಚಿತ ಪ್ರಭಾವ ಬೀರುವುದು ಸುಲಭವೆಂದು ಗುರುತಿಸಿದೆ. ಅದು ಕರಾರುಗಳ ಮಾತಾದರೂ ಅದರ ಹಿಂದಿನ ಎಚ್ಚರ ಇಲ್ಲಿಗೂ ಸಲ್ಲುತ್ತದೆ. ಪ್ರಕರಣ ನಡೆಯುತ್ತಿರುವಾಗ ಹಿರಿಯ ಕಕ್ಷಿದಾರರ ಬಳಿ ಇಂಥ ಒಪ್ಪಿಗೆಯನ್ನು ಕೇಳಲೇಬಾರದು. ಕೇಳದಿದ್ದರೆ ವಕೀಲರಿಗೆ ಆಗುವ ನಷ್ಟವಾದರೂ ಏನು?

ಪೋಸ್ಟುಗಳಷ್ಟೇ ಅಪಾಯಕಾರಿ, ಆದರೆ ಯಾರೂ ತಪ್ಪೆಂದು ಭಾವಿಸದ ಇನ್ನೊಂದು ರೂಢಿ ಕುಟುಂಬದ ವಾಟ್ಸ್‌ಆ್ಯಪ್ ಗುಂಪು. ಅಪ್ಪ ಮೈಸೂರಿನಲ್ಲಿ, ಒಬ್ಬ ಮಗ ಅಮೆರಿಕದಲ್ಲಿ, ಮಗಳು ದುಬೈನಲ್ಲಿ. ಫೀಸು ಕಳಿಸುವವನು ಮಗ. ವಕೀಲರು ದಾನಪತ್ರದ ಕರಡನ್ನು ಗುಂಪಿಗೆ ಹಾಕುತ್ತಾರೆ, ಮಗ ತಿದ್ದುತ್ತಾನೆ, ಅಪ್ಪನ ಪಾಲಿಗೆ ಉಳಿಯುವುದು ಸಹಿ. ಇಲ್ಲಿ ಕಕ್ಷಿದಾರರು ಯಾರು? ಹಣ ಕೊಟ್ಟವರಲ್ಲ, ಆಸ್ತಿ ಬಿಟ್ಟುಕೊಡುತ್ತಿರುವವರು. ಕರಡು ಮೊದಲು ಅವರ ಕೈ ಸೇರಬೇಕು, ಮಕ್ಕಳಿಲ್ಲದ ಹೊತ್ತಿನಲ್ಲಿ ಅವರಿಗೆ ಕನ್ನಡದಲ್ಲಿ ಓದಿ ಹೇಳಬೇಕು. ಬೇರೆಯವರೊಂದಿಗೆ ಏನನ್ನು ಹಂಚಿಕೊಳ್ಳಬೇಕೆಂದು ಅವರೇ ತೀರ್ಮಾನಿಸಬೇಕು.

ಜಾಹೀರಾತಿನ ನಿಷೇಧ ಬಹುತೇಕರಿಗೆ ಗೊತ್ತು. ಭಾರತೀಯ ವಕೀಲರ ಪರಿಷತ್ತಿನ 36ನೇ ನಿಯಮದಂತೆ ವಕೀಲರು ನೇರವಾಗಿಯಾಗಲಿ ಬಳಸುದಾರಿಯಲ್ಲಾಗಲಿ ಕೆಲಸ ಬೇಡುವಂತಿಲ್ಲ. ತಾವು ನಡೆಸುವ ಕೇಸಿಗೆ ಸಂಬಂಧಿಸಿ ಪ್ರಕಟಣೆಗೆ ಫೋಟೊ ಒದಗಿಸುವುದನ್ನೂ ಅದು ನಿಷೇಧಿಸುತ್ತದೆ. 2008ರ ತಿದ್ದುಪಡಿ ಸಡಿಲಿಸಿದ್ದು ಇಷ್ಟೇ: ಹೆಸರು, ವಿಳಾಸ ಮತ್ತು ಸಂಪರ್ಕ, ನೋಂದಣಿಯ ವಿವರ, ವಿದ್ಯಾರ್ಹತೆ, ವಕಾಲತ್ತಿನ ಕ್ಷೇತ್ರ, ಇವಿಷ್ಟನ್ನು ವೆಬ್‌ಸೈಟಿನಲ್ಲಿ ಕೊಡಬಹುದು. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್, ಆನ್‌ಲೈನ್ ತಾಣಗಳ ಮೂಲಕ ಕೆಲಸ ಗಿಟ್ಟಿಸುವ ವಕೀಲರ ಮೇಲೆ ಕ್ರಮಕ್ಕೆ ಸೂಚಿಸಿತು. 2025ರ ಮಾರ್ಚ್ 17ರಂದು ವಕೀಲರ ಪರಿಷತ್ತು ಸಿನಿಮಾ ನಟರು, ಇನ್‌ಫ್ಲುಯೆನ್ಸರ್‌ಗಳು, ವಿಡಿಯೊಗಳ ಮೂಲಕದ ಪ್ರಚಾರವನ್ನು ಖಂಡಿಸಿ ಪ್ರಕಟಣೆ ಹೊರಡಿಸಿತು.

ಇದರರ್ಥ ವಕೀಲರು ಕಾನೂನಿನ ಬಗ್ಗೆ ಮಾತನಾಡಲೇಬಾರದು ಎಂದಲ್ಲ. ಕನ್ನಡದಲ್ಲಿ ಕಾನೂನು ತಿಳಿಸಿಹೇಳುವವರು ಹೆಚ್ಚಬೇಕು, ಹಿರಿಯರಿಗಂತೂ ಅದು ದೊಡ್ಡ ಉಪಕಾರ. ಕಷ್ಟವಿರುವುದು ಒಂದು ನಿಮಿಷದ ಅರ್ಧಸತ್ಯದಲ್ಲಿ. ‘ಮಕ್ಕಳಿಗೆ ಕೊಟ್ಟ ಆಸ್ತಿ ಒಂದೇ ಅರ್ಜಿಯಲ್ಲಿ ವಾಪಸ್’ ಎಂಬ ಬಗೆಯ ರೀಲನ್ನೇ ತೆಗೆದುಕೊಳ್ಳಿ. ಹಿರಿಯ ನಾಗರಿಕರ ಕಾಯ್ದೆ, 2007ರ 23ನೇ ಸೆಕ್ಷನ್, ಆರೈಕೆ ಮಾಡುವ ಷರತ್ತಿನ ಮೇಲೆ ಕೊಟ್ಟ ಆಸ್ತಿಗೆ ಅನ್ವಯಿಸುತ್ತದೆ. ಅದೂ ಕಾಯ್ದೆ ಜಾರಿಯಾದ ನಂತರ ಕೊಟ್ಟದ್ದಕ್ಕೆ. ಅಂಥ ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿ 2ರಂದು ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಕಾಯ್ದೆಯನ್ನು ಹಿರಿಯರ ಪರ ಉದಾರವಾಗಿ ಅರ್ಥೈಸಬೇಕೆಂದು ಹೇಳಿ ಅವರ ದಾನಪತ್ರವನ್ನು ರದ್ದುಮಾಡಿತು. ಎರಡನ್ನೂ ಹೇಳದ ರೀಲು ಹಿರಿಯರಿಗೆ ಹುಸಿ ಭರವಸೆಯನ್ನೋ ಹುಸಿ ಹೆದರಿಕೆಯನ್ನೋ ಕೊಡುತ್ತದೆ. ಸೊಸೆಯನ್ನು ಮನೆಯಿಂದ ಹೊರಹಾಕಿಸುವ ‘ಸುಲಭ ದಾರಿ’ಯೂ ಹಾಗೆಯೇ. ಬೆಂಗಳೂರಿನದೇ ಒಂದು ಪ್ರಕರಣದಲ್ಲಿ, 2020ರ ಡಿಸೆಂಬರ್ 15ರಂದು, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸೊಸೆಗಿರುವ ವಾಸದ ಹಕ್ಕನ್ನು ಹಿರಿಯ ನಾಗರಿಕರ ಕಾಯ್ದೆಯ ತ್ವರಿತ ವಿಚಾರಣೆಯಿಂದ ಅಳಿಸಲಾಗದು ಎಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಇಂಥ ರೀಲುಗಳು ಬಚ್ಚಿಡುವ ಇನ್ನೊಂದು ಸಂಗತಿಯಿದೆ. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ, ಜನರ ಬಾಯಲ್ಲಿ ಎಸಿ ಕೋರ್ಟಿಗೆ, ಜೀವನಾಂಶದ ಅರ್ಜಿಯನ್ನು ಹಿರಿಯರೇ ಸಲ್ಲಿಸಬಹುದು. ಕೈಲಾಗದಿದ್ದರೆ ಅವರು ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆಯೂ ಸಲ್ಲಿಸಬಹುದು. ಹಿರಿಯ ನಾಗರಿಕರ ಕಾಯ್ದೆ ರೂಪುಗೊಂಡಿರುವುದೇ ವಕೀಲರಿಲ್ಲದೆ ನಡೆಯುವಂತೆ. ಅದರ 17ನೇ ಸೆಕ್ಷನ್ ವಕೀಲರ ಹಾಜರಾತಿಗೇ ನಿರ್ಬಂಧ ಹೇರುತ್ತದೆ. ಆ ನಿರ್ಬಂಧ ವಕೀಲರ ಹಕ್ಕಿಗೆ ಅಡ್ಡಿಯಾಗದು ಎಂದು ಕೇರಳ ಹೈಕೋರ್ಟ್ 2021ರಲ್ಲಿ ಹೇಳಿದೆಯಾದರೂ, ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂದು ಯಾರೂ ಹೇಳಿಲ್ಲ. ನೋಟಿಸು ಜಾರಿಯಾದ 90 ದಿನಗಳಲ್ಲಿ, ಹೆಚ್ಚೆಂದರೆ ಇನ್ನೊಂದು 30 ದಿನಗಳಲ್ಲಿ, ತೀರ್ಮಾನವಾಗಬೇಕು.

ರೀಲುಗಳಲ್ಲಿ ಹರಿದಾಡುವ ಕರ್ನಾಟಕ ಹೈಕೋರ್ಟಿನ ಕಲಾಪದ ವಿಡಿಯೊ ತುಣುಕುಗಳ ಬಗ್ಗೆ ಒಂದೇ ಮಾತು: 2022ರ ಜನವರಿ 1ರಿಂದ ಜಾರಿಯಲ್ಲಿರುವ ನೇರಪ್ರಸಾರ ನಿಯಮಗಳ ಪ್ರಕಾರ, ಅನುಮತಿಯಿಲ್ಲದೆ ಅವನ್ನು ಕತ್ತರಿಸಿ ಹಂಚುವಂತಿಲ್ಲ, ವಾದ ಮಾಡಿದವರು ತಾವೇ ಆದರೂ.

ಕಪ್ಪು ಕೋಟಿನ ಚಿತ್ರವನ್ನು ವಂಚಕರೂ ಬಳಸುತ್ತಾರೆ. 2024ರಲ್ಲಿ ವರ್ಧಮಾನ್ ಸಮೂಹದ ಮುಖ್ಯಸ್ಥ, 82 ವರ್ಷದ ಎಸ್.ಪಿ. ಓಸ್ವಾಲ್ ಅವರನ್ನು ಸುಪ್ರೀಂ ಕೋರ್ಟಿನ ನಕಲಿ ಆನ್‌ಲೈನ್ ವಿಚಾರಣೆಯ ನಾಟಕದಲ್ಲಿ ಕೂರಿಸಿ 7 ಕೋಟಿ ರೂಪಾಯಿ ದೋಚಲಾಯಿತು. ಉದ್ಯಮ ಕಟ್ಟಿದವರಿಗೇ ಹೀಗಾದರೆ, ಪಿಂಚಣಿಯಲ್ಲಿ ಬದುಕುವವರ ಪಾಡು ಹೇಳಬೇಕಿಲ್ಲ. ಫೋನಿನಲ್ಲಿ ಸಿಕ್ಕ ವಕೀಲರ ಸನ್ನದಿನ ಸಂಖ್ಯೆ ಕೇಳಿ. ನಮ್ಮ ರಾಜ್ಯದಲ್ಲಿ ಅದು ‘ಕೆಎಆರ್’ ಎಂದು ಶುರುವಾಗಿ, ಸಂಖ್ಯೆ, ಕೊನೆಗೆ ಇಸವಿ ಇರುತ್ತದೆ. ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿನಲ್ಲಿ ಅದನ್ನು ವಿಚಾರಿಸಬಹುದು. ಹಣ ಹೋದದ್ದು ತಿಳಿದ ಕೂಡಲೇ ಕರೆ ಮಾಡಬೇಕಾದ ಸಂಖ್ಯೆ 1930.

ಅಸಲಿ ವಕೀಲರೇ ಆದರೂ, ವಕಾಲತ್ತಿಗೆ ಸಹಿ ಹಾಕುವ ದಿನವೇ ಒಂದು ಚೀಟಿಯಲ್ಲಿ ಬರೆದುಕೊಡಿ: ‘ನನ್ನ ಹೆಸರು, ಫೋಟೊ, ಪ್ರಕರಣದ ವಿವರ ಯಾವುದನ್ನೂ ಎಲ್ಲಿಯೂ ಪ್ರಕಟಿಸಕೂಡದು, ಈ ಒಂದು ನಂಬರಿಗೆ ಮಾತ್ರ ಸಂದೇಶ ಕಳಿಸಿ.’ ಆ ನಂಬರು ಮೊಮ್ಮಗನೂ ಬಳಸುವ ಫೋನಿನದಾಗಿರದಂತೆ ನೋಡಿಕೊಳ್ಳಿ. ಆದರೂ ಪೋಸ್ಟು ಬಂದರೆ, ಅಳಿಸಿ ಎಂದು ಜಗಳವಾಡುವ ಮೊದಲು ಸ್ಕ್ರೀನ್‌ಶಾಟ್, ಲಿಂಕು, ದಿನಾಂಕ, ಸಮಯ ಉಳಿಸಿಕೊಳ್ಳಿ. ವಿದ್ಯುನ್ಮಾನ ದಾಖಲೆಗೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಬೇಕಾಗುವುದರಿಂದ ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ.

ದೂರು ಹೋಗಬೇಕಾದದ್ದು ಗ್ರಾಹಕ ಆಯೋಗಕ್ಕಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ 14ರಂದು ತೀರ್ಪು ಕೊಟ್ಟಿದೆ. ವಕೀಲರ ಕಾಯ್ದೆ, 1961ರ 35ನೇ ಸೆಕ್ಷನ್ ಅಡಿ ಸಹಿ ಮಾಡಿ, ಸತ್ಯಾಪನೆಯೊಂದಿಗೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಬೇಕು. ಶಿಸ್ತು ಸಮಿತಿ ಛೀಮಾರಿ ಹಾಕಬಹುದು, ಸನ್ನದನ್ನು ಅಮಾನತಿನಲ್ಲಿಡಬಹುದು, ಹೆಸರನ್ನೇ ತೆಗೆದುಹಾಕಬಹುದು. ಒಂದು ವರ್ಷದಲ್ಲಿ ತೀರ್ಮಾನವಾಗದಿದ್ದರೆ ಪ್ರಕರಣ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನಗಳಲ್ಲಿ ಅಲ್ಲಿಗೇ ಮೇಲ್ಮನವಿ.

ವಕೀಲರನ್ನು ಬದಲಿಸಲು ಹೆದರುವವರು ಹೆಚ್ಚಾಗಿ ಹೇಳುವುದು, ‘ಕಾಗದವೆಲ್ಲ ಅವರ ಹತ್ತಿರವೇ ಇದೆಯಲ್ಲ’ ಎಂದು. ಫೀಸು ಬಾಕಿಯಿದೆ ಎಂಬ ಕಾರಣಕ್ಕೆ ವಕೀಲರು ಕಕ್ಷಿದಾರರ ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಹೊಸ ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರದ ನೆರವು ಕೇಳಬಹುದು. ಅಲ್ಲಿ ಆದಾಯದ ಮಿತಿ ಇರುವುದು ನಿಜ, ಆದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಮಹಿಳೆಯರಿಗೆ ಆ ಮಿತಿಯನ್ನು ಹಾಕಿಲ್ಲ. ಆದ್ದರಿಂದ ಪಿಂಚಣಿ ಬರುವ ಅಜ್ಜಿಗೂ ಉಚಿತ ವಕೀಲರನ್ನು ಕೇಳುವ ಹಕ್ಕಿದೆ.