ಗೇರು ಹಣ್ಣಿನ ವಿನೆಗರ್: ಮೊದಲ ಹುದುಗಿನ ಉಕ್ಕನ್ನು ಹತೋಟಿಯಲ್ಲಿಡುವ ಬಗೆ

ಫೆಬ್ರವರಿಯಿಂದ ಮೇ ತಿಂಗಳವರೆಗೆ ಕರಾವಳಿಯ ಗೇರು ತೋಪುಗಳಲ್ಲಿ ಬೀಜವನ್ನು ತಿರುವಿ ತೆಗೆದುಕೊಂಡು ಹಣ್ಣನ್ನು ಮರದ ಬುಡದಲ್ಲಿಯೇ ಕೊಳೆಯಲು ಬಿಡುವುದು ವಾಡಿಕೆ. ಬೀಜಕ್ಕಿಂತ ಹಲವು ಪಟ್ಟು ತೂಗುವ ಈ ಹಣ್ಣಿನ ರಸದಲ್ಲಿ ಸಾಮಾನ್ಯವಾಗಿ ಶೇಕಡ 10ರಿಂದ 12ರಷ್ಟು ಸಕ್ಕರೆ ಇರುತ್ತದೆ. ನೆರೆಯ ಗೋವಾದಲ್ಲಿ ಈ ರಸವನ್ನು ಹುದುಗಿಸಿ, ಬಟ್ಟಿ ಇಳಿಸಿ ಫೆನಿ ತಯಾರಿಸುತ್ತಾರೆ. ಅದೇ ರಸದಿಂದ ಉಪ್ಪಿನಕಾಯಿಗೂ ಅಡುಗೆಗೂ ಒದಗುವ ವಿನೆಗರನ್ನು ಪಡೆಯಬಹುದು.

ವಿನೆಗರ್ ಎರಡು ಹಂತಗಳಲ್ಲಿ ಆಗುತ್ತದೆ. ಮೊದಲು ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಅನಂತರ ಬ್ಯಾಕ್ಟೀರಿಯಗಳು ಆ ಮದ್ಯಸಾರವನ್ನು ಅಸಿಟಿಕ್ ಆಮ್ಲವಾಗಿಸುತ್ತವೆ. ಮೊದಲ ಹಂತ ಕೆಟ್ಟರೆ ಎರಡನೆಯದು ಸುಧಾರಿಸುವುದಿಲ್ಲ. ಬೇಸಿಗೆಯ ಸೆಕೆಯಲ್ಲಿ ಈ ಮೊದಲ ಹುದುಗು ಬಲು ರಭಸದಿಂದ ನಡೆಯುವುದರಿಂದ ಅದರ ಕಡೆಗೇ ಹೆಚ್ಚಿನ ಗಮನ ಬೇಕು.

ಒಂದು ಎಚ್ಚರಿಕೆ: ಮೊದಲ ಹಂತದ ದ್ರವದಲ್ಲಿ ಮದ್ಯಸಾರ ಇರುತ್ತದೆ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಅಪರಾಧ. ಆದ್ದರಿಂದ ಕೆಲಸ ಆರಂಭಿಸುವ ಮೊದಲೇ ಸ್ಥಳೀಯ ಅಬಕಾರಿ ಕಚೇರಿಯಲ್ಲಿ ವಿಚಾರಿಸಿರಿ.

ರಭಸಕ್ಕೆ ಕಾರಣವೇನು?

ಯೀಸ್ಟ್ 100 ಗ್ರಾಂ ಸಕ್ಕರೆಯನ್ನು ಒಡೆದಾಗ ಹೆಚ್ಚೆಂದರೆ 51 ಗ್ರಾಂ ಮದ್ಯಸಾರ, 49 ಗ್ರಾಂ ಇಂಗಾಲದ ಡೈಆಕ್ಸೈಡ್ ಅನಿಲ ಉಂಟಾಗುತ್ತವೆ. ಜೊತೆಗೆ ಶಾಖವೂ ಹೊರಬರುತ್ತದೆ. ಶೇಕಡ 12 ಸಕ್ಕರೆಯಿರುವ 10 ಲೀಟರ್ ರಸದಿಂದ ಕೆಲವೇ ದಿನಗಳಲ್ಲಿ ಸುಮಾರು 300 ಲೀಟರ್ ಅನಿಲ ಹೊರಡುತ್ತದೆ ಎಂದರೆ ಅದರ ಒತ್ತಡವನ್ನು ನೀವೇ ಊಹಿಸಬಹುದು. ಬಿಗಿಯಾಗಿ ಮುಚ್ಚಿದ ಪಾತ್ರೆ ಸಿಡಿಯುತ್ತದೆ. ಕಂಠದವರೆಗೆ ತುಂಬಿದ ಪಾತ್ರೆಯಿಂದ ನೊರೆ ಉಕ್ಕಿ ರಸ ನಷ್ಟವಾಗುತ್ತದೆ. ಶಾಖ ಏರಿದರೆ ಯೀಸ್ಟ್ ಸೊರಗಿ, ಸಕ್ಕರೆ ಅರ್ಧದಲ್ಲಿಯೇ ಉಳಿದು, ಬೇಡದ ಸೂಕ್ಷ್ಮಜೀವಿಗಳು ನುಗ್ಗುತ್ತವೆ.

ರಸದ ಸಿದ್ಧತೆ

1. ಅದೇ ದಿನ ಬಿದ್ದ, ಕೊಳೆಯದ ಹಣ್ಣುಗಳನ್ನು ಮಾತ್ರ ಆರಿಸಿ, ತೊಳೆದು, ರಸ ಹಿಂಡಿ ಬಟ್ಟೆಯಲ್ಲಿ ಸೋಸಿರಿ. ಕಬ್ಬಿಣ, ತಾಮ್ರದ ಪಾತ್ರೆ ಬೇಡ. ಸ್ಟೀಲ್ ಅಥವಾ ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ ಆಗಬಹುದು.

2. ಒಗರನ್ನು ತೆಗೆಯಲು ಲೀಟರಿಗೆ 5 ಗ್ರಾಂ ಸಬ್ಬಕ್ಕಿಯ ಪುಡಿಯನ್ನು ನೀರಿನಲ್ಲಿ ಗಂಜಿಯಂತೆ ಬೇಯಿಸಿ, ಆರಿಸಿ, ರಸಕ್ಕೆ ಬೆರೆಸಿರಿ. ಸುಮಾರು 12 ಗಂಟೆ ತಂಪಾದ ಜಾಗದಲ್ಲಿಟ್ಟು ಮೇಲಿನ ತಿಳಿಯನ್ನು ಬಸಿದುಕೊಳ್ಳಿರಿ.

3. ತಿಳಿರಸವನ್ನು 80 ಡಿಗ್ರಿ ಸೆಂಟಿಗ್ರೇಡಿನಲ್ಲಿ 10 ನಿಮಿಷ ಕಾಯಿಸಿ, 30 ಡಿಗ್ರಿಗೆ ಆರಿಸಿರಿ.

4. ರಿಫ್ರಾಕ್ಟೋಮೀಟರಿನಲ್ಲಿ ಅಳತೆ 10ಕ್ಕಿಂತ ಕಡಿಮೆ ಬಂದರೆ ಬೆಲ್ಲ ಸೇರಿಸಿರಿ. 10 ಲೀಟರಿಗೆ 100 ಗ್ರಾಂ ಬೆಲ್ಲ ಸುಮಾರು ಒಂದು ಅಂಶವನ್ನು ಏರಿಸುತ್ತದೆ.

ಬೆಲ್ಲ ಹೆಚ್ಚಾದಷ್ಟೂ ವಿನೆಗರ್ ಗಟ್ಟಿ ಎಂಬ ಭಾವನೆ ಸರಿಯಲ್ಲ. ಸಕ್ಕರೆ ಮಿತಿಮೀರಿದರೆ ಶಾಖವೂ ನೊರೆಯೂ ಹೆಚ್ಚುತ್ತವೆ; ಮದ್ಯಸಾರ ತೀರ ಏರಿದರೆ ಎರಡನೆಯ ಹಂತದ ಬ್ಯಾಕ್ಟೀರಿಯಗಳು ಕೆಲಸವನ್ನೇ ನಿಧಾನಿಸುತ್ತವೆ. ಹಾಗೆಯೇ ಯೀಸ್ಟಿಗೆ ಪೋಷಕವೆಂದು ಹೊಲಕ್ಕೆ ಹಾಕುವ ಗೊಬ್ಬರವನ್ನು ರಸಕ್ಕೆ ಎಂದಿಗೂ ಸೇರಿಸಕೂಡದು.

ಹುದುಗಿನ ನಿರ್ವಹಣೆ

ಯೀಸ್ಟ್: 10 ಲೀಟರಿಗೆ 5ರಿಂದ 10 ಗ್ರಾಂ ಒಣ ಯೀಸ್ಟ್ ಸಾಕು. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಚಿಟಿಕೆ ಸಕ್ಕರೆಯೊಡನೆ 15 ನಿಮಿಷ ನೆನೆಸಿ, ನೊರೆ ಬಂದ ಮೇಲೆ ಬೆರೆಸಿರಿ. ಆರಂಭದಲ್ಲಿಯೇ ಸಾಕಷ್ಟು ಯೀಸ್ಟ್ ಇದ್ದರೆ ಕಾಡು ಜೀವಿಗಳಿಗೆ ಎಡೆ ಸಿಗುವುದಿಲ್ಲ.

ಜಾಗ: ಪಾತ್ರೆಯ ಮೂರರಲ್ಲಿ ಎರಡು ಭಾಗ ಮಾತ್ರ ತುಂಬಿರಿ. ಉಳಿದದ್ದು ನೊರೆಗೆ ಮೀಸಲು.

ಅನಿಲದ ದಾರಿ: ಮುಚ್ಚಳಕ್ಕೆ ರಬ್ಬರ್ ನಳಿಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರಿನ ಸೀಸೆಯಲ್ಲಿ ಮುಳುಗಿಸಿರಿ. ಅನಿಲ ಗುಳ್ಳೆಗಳಾಗಿ ಹೊರಹೋಗುತ್ತದೆ; ಗಾಳಿ ಒಳಬರುವುದಿಲ್ಲ. ನೊರೆ ನಳಿಕೆಗೆ ಏರಿದರೆ ಅದು ಕಟ್ಟಿಕೊಳ್ಳುವ ಮೊದಲೇ ತೆಗೆದು, ಹೆಚ್ಚು ಅಗಲದ ನಳಿಕೆ ಹಾಕಿರಿ.

ತಂಪು: 25ರಿಂದ 30 ಡಿಗ್ರಿ ಉತ್ತಮ. 35 ದಾಟಲು ಬಿಡಬಾರದು. ಮೊದಲ ಎರಡು ದಿನ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಉಷ್ಣಮಾಪಕದಿಂದ ನೋಡಿರಿ. ಪಾತ್ರೆಯನ್ನು ನೆರಳಿನಲ್ಲಿ ನೀರಿನ ತೊಟ್ಟಿಯೊಳಗಿಟ್ಟು, ಸುತ್ತಲೂ ಒದ್ದೆ ಗೋಣಿ ಸುತ್ತಿದರೆ ಸಾಕಷ್ಟು ಶಾಖ ಇಳಿಯುತ್ತದೆ. ದೊಡ್ಡ ಪಾತ್ರೆ ತಾನಾಗಿ ತಣಿಯುವುದು ಕಷ್ಟ. ಒಂದು ದೊಡ್ಡದರ ಬದಲು ನಾಲ್ಕು ಸಣ್ಣವು ಲೇಸು.

ಪ್ರಾಣಾಪಾಯ: ಈ ಅನಿಲ ಗಾಳಿಗಿಂತ ಭಾರ. ಅದು ತಗ್ಗಿನಲ್ಲಿ ನಿಲ್ಲುತ್ತದೆ, ಕಣ್ಣಿಗೆ ಕಾಣದು. ಮುಚ್ಚಿದ ಕೋಣೆಯಲ್ಲಿ ಹುದುಗು ಇಡಬೇಡಿ. ಹುದುಗುತ್ತಿರುವ ತೊಟ್ಟಿಗೆ ತಲೆ ಬಗ್ಗಿಸುವುದಾಗಲಿ, ಅದನ್ನು ತೊಳೆಯಲು ಕೂಡಲೇ ಇಳಿಯುವುದಾಗಲಿ ಸಲ್ಲದು. ಒಳಗೆ ಬಿದ್ದವರನ್ನು ಎತ್ತಲು ಇಳಿದವರೂ ಅಲ್ಲಿಯೇ ಉಳಿಯುವ ಅಪಾಯವಿದೆ.

ನೊರೆ ಇಳಿದ ಮಾತ್ರಕ್ಕೆ ಹುದುಗು ಮುಗಿಯಿತೆಂದು ತಿಳಿಯಬಾರದು. ಗುಳ್ಳೆ ನಿಂತು, ತಳದಲ್ಲಿ ಮಡ್ಡಿ ಕೂತು, ದ್ರವ ತಿಳಿಯಾಗಬೇಕು. ಇದಕ್ಕೆ ಸಾಮಾನ್ಯವಾಗಿ 5ರಿಂದ 8 ದಿನ ಬೇಕಾಗುತ್ತದೆ.

ಎರಡನೆಯ ಹಂತ

ಇಲ್ಲಿಂದ ಮುಂದೆ ಕ್ರಮ ಪೂರ್ತಿ ಬದಲಾಗುತ್ತದೆ. ಮೊದಲು ಗಾಳಿ ಬೇಡವಾಗಿತ್ತು, ಈಗ ಗಾಳಿಯೇ ಮುಖ್ಯ. ಮಡ್ಡಿ ಬಿಟ್ಟು ಬಸಿದ 4 ಲೀಟರ್ ದ್ರವಕ್ಕೆ ಕಾಯಿಸದ, ಜೀವಂತ ವಿನೆಗರ್ 1 ಲೀಟರ್ ಬೆರೆಸಿ, ಅಗಲ ಬಾಯಿಯ ಪಾತ್ರೆಯಲ್ಲಿಟ್ಟು ನೊಣ ಬಾರದಂತೆ ತೆಳುಬಟ್ಟೆ ಕಟ್ಟಿರಿ. ಸುಮಾರು 30 ಡಿಗ್ರಿ ಶಾಖದಲ್ಲಿ ಮೂರರಿಂದ ಆರು ವಾರಗಳಲ್ಲಿ ವಿನೆಗರ್ ಸಿದ್ಧವಾಗುತ್ತದೆ. ಮುಂದಿನ ತಯಾರಿಗೆಂದು ಒಂದು ಪಾಲನ್ನು ತೆಗೆದಿಟ್ಟು, ಉಳಿದುದನ್ನು 65ರಿಂದ 70 ಡಿಗ್ರಿಗೆ ಕಾಯಿಸಿ ಗಾಜಿನ ಸೀಸೆಗಳಲ್ಲಿ ತುಂಬಿರಿ.

ಮಾರಾಟದ ವಿನೆಗರಿನಲ್ಲಿ ಕನಿಷ್ಠ ಶೇಕಡ 3.75 ಅಸಿಟಿಕ್ ಆಮ್ಲ ಇರಬೇಕೆಂದು ಆಹಾರ ನಿಯಮ ಹೇಳುತ್ತದೆ. ನಾಲಿಗೆಯ ರುಚಿಯನ್ನು ನಂಬದೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿರಿ.

ಮೊದಲ ವರ್ಷ 10 ಲೀಟರ್ ರಸಕ್ಕಿಂತ ಹೆಚ್ಚು ತೊಡಗಿಸಬೇಡಿ. ದಿನದ ಶಾಖ, ನೊರೆ, ಗುಳ್ಳೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷದ ಬೇಸಿಗೆಗೆ ಆ ಲೆಕ್ಕವೇ ನಿಮಗೆ ದಾರಿ ತೋರುತ್ತದೆ.