ಬಾರ್ಬಿಯಾನಾದ ಶಾಲೆ: ನಮ್ಮ ಧರ್ಮೋಪದೇಶ ತರಗತಿಗೊಂದು ಪಾಠ



ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಿಮ್ಮ ಧರ್ಮಕೇಂದ್ರದ ಧರ್ಮೋಪದೇಶ ತರಗತಿಯ ಬಾಗಿಲಲ್ಲಿ ಐದು ನಿಮಿಷ ನಿಂತು ನೋಡಿ. ಮುಂದಿನ ಸಾಲಿನ ಮೂರು ನಾಲ್ಕು ಮಕ್ಕಳು ಕೇಳಿದ ಪ್ರಶ್ನೆಗೆಲ್ಲ ಉತ್ತರ ಹೇಳುತ್ತಾರೆ. ಉಪದೇಶ ಮಾಡುವವರಿಗೂ ಸಂತೋಷ, ಪಾಠವೂ ಸರಾಗ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ಪುಸ್ತಕ ತೆರೆದು ಕುಳಿತಿರುತ್ತಾನೆ. ಪುಟ ಮಾತ್ರ ಬೇರೆ. ಅವನು ಕಲಿಯುತ್ತಿರುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಮನೆಮಾತು ಕನ್ನಡವೋ ತಮಿಳೋ ಕೊಂಕಣಿಯೋ ಇರಬಹುದು, ಆದರೆ ಪುಸ್ತಕದಲ್ಲಿ ಒತ್ತಕ್ಷರ ಬಂದೊಡನೆ ನಾಲಿಗೆ ತಡವರಿಸುತ್ತದೆ. ಉಳಿದವರು ನಗುತ್ತಾರೆಂಬ ಭಯ ಅವನಿಗೆ. ಪಾಪ, ನಾಚಿಕೆಯಾದೀತು ಎಂದು ಅವನಿಂದ ಯಾರೂ ಓದಿಸುವುದೂ ಇಲ್ಲ. ದಯೆಯಿಂದಲೇ ಬಿಟ್ಟುಬಿಡುತ್ತಾರೆ. ದೃಢೀಕರಣ ಸಂಸ್ಕಾರವಾದ ಮೇಲೆ ಅವನು ತರಗತಿಗೆ ಬರುವುದಿಲ್ಲ; ಕ್ರಮೇಣ ದೇವಾಲಯಕ್ಕೂ ಬರುವುದಿಲ್ಲ. ಈಗಿನ ಮಕ್ಕಳಿಗೆ ಭಕ್ತಿಯೇ ಇಲ್ಲ ಎಂದು ನಾವು ಮಾತಾಡಿಕೊಳ್ಳುತ್ತೇವೆ.

ಇಂಥ ಮಕ್ಕಳಿಗಾಗಿಯೇ ತಮ್ಮ ಬಾಳನ್ನು ಸವೆಸಿದ ಒಬ್ಬ ಗುರುಗಳ ಕುರಿತು ಈ ವಾರ ತಿಳಿಯೋಣ. ಅವರ ಹೆಸರು ಡಾನ್ ಲೊರೆಂಜೊ ಮಿಲಾನಿ. ಡಾನ್ ಎಂಬುದು ಇಟಲಿಯಲ್ಲಿ ಗುರುಗಳಿಗೆ ಗೌರವದಿಂದ ಸೇರಿಸುವ ಮಾತು. ಡಾನ್ ಬಾಸ್ಕೊ ನಮಗೆಲ್ಲ ಗೊತ್ತಿರುವವರೇ. ಮಿಲಾನಿಯವರು 1923ರಲ್ಲಿ ಫ್ಲಾರೆನ್ಸ್ ನಗರದ ಶ್ರೀಮಂತ, ವಿದ್ಯಾವಂತ ಕುಟುಂಬದಲ್ಲಿ ಹುಟ್ಟಿದರು. ಮೊದಲು ಚಿತ್ರಕಲೆ ಕಲಿತರು, ಆಮೇಲೆ ಗುರುಮಠ ಸೇರಿದರು. 1947ರಲ್ಲಿ ಗುರುದೀಕ್ಷೆಯಾಯಿತು. ಸಹಾಯಕ ಗುರುವಾಗಿದ್ದ ಊರಿನಲ್ಲಿ ದುಡಿಯುವ ಯುವಕರಿಗಾಗಿ ರಾತ್ರಿ ಶಾಲೆ ನಡೆಸಿದರು. ಅವರ ನೇರ ಮಾತು ಹಲವರಿಗೆ ಹಿಡಿಸಲಿಲ್ಲ. 1954ರ ಡಿಸೆಂಬರಿನಲ್ಲಿ ಅವರನ್ನು ಬಾರ್ಬಿಯಾನಾ ಎಂಬ ಬೆಟ್ಟದ ಮೇಲಿನ ಪುಟ್ಟ ಧರ್ಮಕೇಂದ್ರಕ್ಕೆ ಕಳುಹಿಸಲಾಯಿತು. ಅಲ್ಲಿ ಸರಿಯಾದ ರಸ್ತೆಯಿಲ್ಲ, ವಿದ್ಯುತ್ ಇಲ್ಲ. ಒಂದು ದೇವಾಲಯ ಮತ್ತು ಬೆಟ್ಟದಲ್ಲಿ ಚದುರಿದ ಕೆಲವು ರೈತರ ಮನೆಗಳು, ಅಷ್ಟೇ. ಬೇರೆಯವರಾಗಿದ್ದರೆ ವರ್ಗಾವಣೆಯ ದಿನ ಎಣಿಸುತ್ತಿದ್ದರೇನೋ. ಇವರು ಬಂದ ಮರುದಿನವೇ ಅಲ್ಲಿನ ಸಮಾಧಿ ಭೂಮಿಯಲ್ಲಿ ತಮಗೊಂದು ಜಾಗ ಕೊಂಡರು.

ಗುರುಗಳ ಮನೆಯಲ್ಲೇ ಶಾಲೆ ಶುರುವಾಯಿತು. ಬಂದವರು ರೈತರ, ಕುರುಬರ ಮಕ್ಕಳು. ಅವರಲ್ಲಿ ಅನೇಕರು ಸರ್ಕಾರಿ ಶಾಲೆಯಲ್ಲಿ ಫೇಲಾದವರು. ಮೇಜುಗಳನ್ನು, ನಕಾಶೆಗಳನ್ನು ಹುಡುಗರೇ ಮಾಡಿಕೊಂಡರು. ಪಠ್ಯಪುಸ್ತಕಕ್ಕಿಂತ ಹೆಚ್ಚಾಗಿ ದಿನಪತ್ರಿಕೆ ಓದುತ್ತಿದ್ದರು. ರಜೆಯಿಲ್ಲ, ಆಟದ ಬಿಡುವಿಲ್ಲ, ದಿನಕ್ಕೆ ಹನ್ನೆರಡು ಗಂಟೆ ಪಾಠ. ಈ ಕೊನೆಯದನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ; ನಮ್ಮ ಮಕ್ಕಳಿಗೆ ಟ್ಯೂಷನ್ನಿನ ಭಾರವೇ ಸಾಕಾಗಿದೆ.

ಆದರೆ ಆ ಶಾಲೆಯ ಒಂದು ನಿಯಮ ನಮ್ಮ ತರಗತಿಗಳನ್ನೆಲ್ಲ ಪ್ರಶ್ನಿಸುವಂಥದ್ದು. ಅಲ್ಲಿ ಎಲ್ಲರಿಗಿಂತ ನಿಧಾನವಾಗಿ ಕಲಿಯುವ ಮಗುವೇ ಮುಖ್ಯ. ಅವನಿಗೆ ಅರ್ಥವಾಗುವವರೆಗೆ ಪಾಠ ಮುಂದಕ್ಕೆ ಹೋಗುತ್ತಿರಲಿಲ್ಲ. ಸಂತ ಲೂಕರ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಕಳೆದುಹೋದ ಕುರಿಯ ಸಾಮತಿಯನ್ನು ನಾವು ಪಾಪಿಗಳ ಪರಿವರ್ತನೆಗೆ ಹೊಂದಿಸಿ ಬೋಧಿಸುತ್ತೇವೆ, ಅದು ಸರಿಯೇ. ಮಿಲಾನಿಯವರು ಅದನ್ನು ಶಾಲೆಯ ವೇಳಾಪಟ್ಟಿಯನ್ನಾಗಿ ಮಾಡಿದರು.

ಅಲ್ಲಿ ಕಲಿಸುತ್ತಿದ್ದವರು ಗುರುಗಳೊಬ್ಬರೇ ಅಲ್ಲ. 12ರಿಂದ 16 ವರ್ಷದ ಹುಡುಗರು ತಮಗಿಂತ ಚಿಕ್ಕವರಿಗೆ ಪಾಠ ಹೇಳುತ್ತಿದ್ದರು. ನಿನ್ನೆಯಷ್ಟೇ ಎಡವಿದವನಿಗೆ ಕಲ್ಲು ಎಲ್ಲಿದೆ ಎಂದು ಚೆನ್ನಾಗಿ ಗೊತ್ತಿರುತ್ತದಲ್ಲವೇ? ಹೇಳಿಕೊಡುತ್ತ ಹೇಳಿಕೊಡುತ್ತ ಅವನ ಪಾಠವೂ ಗಟ್ಟಿಯಾಗುತ್ತಿತ್ತು.

ಇನ್ನು ಅವರ ಚೀಟಿ ವಿಧಾನ. ಹುಡುಗರೆಲ್ಲ ಸೇರಿ ಏನಾದರೂ ಬರೆಯಬೇಕಾದಾಗ ಪ್ರತಿಯೊಬ್ಬನೂ ತನಗೆ ಹೊಳೆದದ್ದನ್ನು ಚೀಟಿಗಳ ಮೇಲೆ ಬರೆಯಬೇಕು. ಒಂದು ಚೀಟಿಗೆ ಒಂದೇ ವಿಚಾರ. ಆಮೇಲೆ ಎಲ್ಲ ಚೀಟಿಗಳನ್ನೂ ದೊಡ್ಡ ಮೇಜಿನ ಮೇಲೆ ಹರಡಿ, ಒಂದೇ ಬಗೆಯವನ್ನು ಗುಂಪು ಮಾಡಿ, ಎರಡೆರಡು ಸಲ ಬಂದದ್ದನ್ನು ತೆಗೆದು, ಕತ್ತರಿ ಗೋಂದು ಹಿಡಿದು ಕ್ರಮವಾಗಿ ಜೋಡಿಸುವುದು. ಕೊನೆಗೆ ಅನಗತ್ಯವಾದ ಪದಗಳನ್ನೂ ಕಠಿಣ ಪದಗಳನ್ನೂ ಹುಡುಕಿ ಹೊಡೆದುಹಾಕುವುದು. ಬರೆದದ್ದನ್ನು ಹೊರಗಿನವರಿಗೆ, ಅದರಲ್ಲೂ ಹೆಚ್ಚು ಓದದವರಿಗೆ ಓದಿ ಹೇಳಿ, ಅರ್ಥವಾಯಿತೇ ಎಂದು ಪರೀಕ್ಷಿಸುವುದು. ಹೀಗೆ ಎಂಟು ಹುಡುಗರು ಕೂಡಿ ಬರೆದ 'ಶಿಕ್ಷಕಿಗೊಂದು ಪತ್ರ' ಎಂಬ ಪುಸ್ತಕ 1967ರ ಮೇ ತಿಂಗಳಲ್ಲಿ ಪ್ರಕಟವಾಗಿ ಇಟಲಿಯ ಶಿಕ್ಷಣ ವ್ಯವಸ್ಥೆಯನ್ನೇ ಅಲುಗಾಡಿಸಿತು. ಮುಂದಿನ ತಿಂಗಳು, ಜೂನ್ 26ರಂದು, ಮಿಲಾನಿಯವರು ಕಾಯಿಲೆಯಿಂದ ತೀರಿಕೊಂಡರು. ಆಗ ಅವರಿಗೆ 44 ವರ್ಷ. 2017ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಬಾರ್ಬಿಯಾನಾಕ್ಕೆ ಹೋಗಿ ಆ ಸಮಾಧಿಯ ಮುಂದೆ ಪ್ರಾರ್ಥಿಸಿದರು.

ಇದೆಲ್ಲ ಹೊಸ ಶಿಕ್ಷಣ ಪದ್ಧತಿ, ನಮ್ಮ ವಿಶ್ವಾಸಕ್ಕೂ ಇದಕ್ಕೂ ಏನು ಸಂಬಂಧ ಎನ್ನಬೇಡಿ. ಹದಿಮೂರನೇ ಶತಮಾನದಲ್ಲೇ ಸಂತ ತೋಮಸ್ ಅಕ್ವಿನಾಸರು ಬೋಧಕನನ್ನು ವೈದ್ಯನಿಗೆ ಹೋಲಿಸಿದ್ದಾರೆ. ಗಾಯ ಮಾಯುವುದು ಶರೀರದ ಒಳಗಿನ ಶಕ್ತಿಯಿಂದ. ವೈದ್ಯ ಅದಕ್ಕೆ ನೆರವಾಗುತ್ತಾನೆ. ಹಾಗೆಯೇ ಅರಿಯುವ ಬೆಳಕನ್ನು ದೇವರು ಪ್ರತಿಯೊಂದು ಮಗುವಿನೊಳಗೂ ಇಟ್ಟಿದ್ದಾರೆ. ಬೋಧಕ ಅದಕ್ಕೆ ಹೊರಗಿನಿಂದ ಸಹಾಯ ಮಾಡುತ್ತಾನೆ. ಹಾಗಾದರೆ ಹಿಂದಿನ ಸಾಲಿನ ಹುಡುಗನ ತಲೆಗೆ ಹತ್ತುವುದಿಲ್ಲ ಎನ್ನುವ ಮಾತು, ದೇವರು ಅಲ್ಲಿ ದೀಪ ಇಡುವುದನ್ನು ಮರೆತರು ಎಂದಂತಾಗುವುದಿಲ್ಲವೇ?

ಧರ್ಮಕೇಂದ್ರಗಳಲ್ಲಿ ಈಗ ಪ್ರೊಜೆಕ್ಟರ್ ಬಂದಿದೆ, ಮೊಬೈಲಿನಲ್ಲಿ ಬೈಬಲ್ ಕಥೆಗಳ ಚಿತ್ರಗಳಿವೆ. ಬೇಡವೆನ್ನುವುದಿಲ್ಲ. ಆದರೆ ಚಿತ್ರ ಓಡುವಾಗ ಮುಂದಿನ ಸಾಲಿನವರೂ ಹಿಂದಿನ ಸಾಲಿನವರೂ ಒಂದೇ ರೀತಿ ಸುಮ್ಮನಿರುತ್ತಾರೆ. ಯಾರಿಗೆ ತಿಳಿಯಿತು, ಯಾರಿಗೆ ತಿಳಿಯಲಿಲ್ಲ ಎಂಬುದು ಗೊತ್ತಾಗುವುದೇ ಇಲ್ಲ. ಚೀಟಿಗೆ ಆ ದೋಷವಿಲ್ಲ.

ಒಮ್ಮೆ ಹೀಗೆ ಮಾಡಿ ನೋಡಿ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಕತ್ತರಿಸಿ ಮಕ್ಕಳಿಗೆ ಐದೈದು ಚೀಟಿ ಕೊಡಿ. ಬಲಿಪೂಜೆಯಲ್ಲಿ ತಮಗೆ ತಿಳಿಯದ ಒಂದೊಂದು ಸಂಗತಿಯನ್ನು ಒಂದೊಂದು ಚೀಟಿಯಲ್ಲಿ ಬರೆಯಲಿ. ಹೆಸರು ಬೇಡ. ಕನ್ನಡ ಬರೆಯಲು ಬಾರದವರು ಬರುವ ಭಾಷೆಯಲ್ಲಿ ಬರೆಯಲಿ, ಅದೂ ಆಗದಿದ್ದರೆ ಚಿತ್ರ ಬಿಡಿಸಲಿ. ದ್ರಾಕ್ಷಾರಸಕ್ಕೆ ಗುರುಗಳು ನೀರಿನ ಹನಿ ಏಕೆ ಬೆರೆಸುತ್ತಾರೆ? ಶುಭಸಂದೇಶಕ್ಕೆ ಮುಂಚೆ ಹಣೆ, ತುಟಿ, ಎದೆಯ ಮೇಲೆ ಶಿಲುಬೆಯ ಗುರುತು ಏಕೆ? ಇಂಥ ಪ್ರಶ್ನೆಗಳು ಬಂದೇ ಬರುತ್ತವೆ. ಚೀಟಿಗಳನ್ನು ವಿಂಗಡಿಸುವ ಕೆಲಸ ಮಕ್ಕಳದೇ. ದೃಢೀಕರಣವಾದ ದೊಡ್ಡ ಮಕ್ಕಳಿಗೆ ತಲಾ ಒಂದು ಪ್ರಶ್ನೆ ಕೊಟ್ಟು, ಒಂದು ವಾರದಲ್ಲಿ ಉತ್ತರ ತಿಳಿದು ಬಂದು ಚಿಕ್ಕವರಿಗೆ ಹೇಳಲು ಬಿಡಿ. ನೀರಿನ ಹನಿ ನಮ್ಮ ಮಾನವತ್ವ, ಅದು ಕ್ರಿಸ್ತರ ದೈವತ್ವದಲ್ಲಿ ಪಾಲುಗೊಳ್ಳುತ್ತದೆ ಎಂದು ಹದಿನೈದರ ಹುಡುಗಿಯೊಬ್ಬಳು ತನ್ನ ಮಾತಿನಲ್ಲಿ ಹೇಳಿದರೆ ಚಿಕ್ಕವರು ಮರೆಯುವುದಿಲ್ಲ. ಅವಳಂತೂ ಮರೆಯುವುದೇ ಇಲ್ಲ. ದೃಢೀಕರಣದ ನಂತರ ಅವಳು ತರಗತಿಗೆ ಬರಲು ಒಂದು ಕಾರಣವೂ ಸಿಕ್ಕಿತು. ಒಂದು ಎಚ್ಚರಿಕೆ: ದೊಡ್ಡ ಮಕ್ಕಳ ಕೈಗೆ ಬೆತ್ತ ಕೊಡಬೇಡಿ, ಹಾಜರಿ ಪುಸ್ತಕವನ್ನೂ ಕೊಡಬೇಡಿ.

ತಂದೆತಾಯಂದಿರೇ, ನಿಮ್ಮ ಮನೆಯಲ್ಲಿ ಪ್ರಾರ್ಥನೆಗಳನ್ನೆಲ್ಲ ಬಾಯಿಪಾಠವಾಗಿ ಬಲ್ಲ, ಆದರೆ ಅಕ್ಷರ ಬಾರದ ಅಜ್ಜಿ ಇದ್ದಾರೆಯೇ? ಒತ್ತಕ್ಷರಕ್ಕೆ ತಡವರಿಸುವ ಮೊಮ್ಮಗನನ್ನು ಸಂಜೆ ಜಪಮಾಲೆಯ ನಂತರ ಅವರ ಪಕ್ಕದಲ್ಲಿ ಕೂರಿಸಿ. ಅವನು ಪ್ರಾರ್ಥನಾ ಪುಸ್ತಕದ ಮೇಲೆ ಬೆರಳಿಟ್ಟು ಓದಲಿ. ಎಡವಿದ ಕಡೆ ಮುಂದಿನ ಮಾತನ್ನು ಅಜ್ಜಿ ಹೇಳಿಕೊಡುತ್ತಾರೆ. ಅಜ್ಜಿಗೆ ಆ ಅಕ್ಷರ ಯಾವುದೆಂದು ಅವನು ತೋರಿಸಲಿ. ದಿನಕ್ಕೆ ಹತ್ತು ನಿಮಿಷ ಸಾಕು. ಆ ಹೊತ್ತಿನಲ್ಲಿ ಟಿ.ವಿ. ಮಾತ್ರ ಆರಿಸಿರಿ.